ಕೃತ್ತಿಕೆ ಎಷ್ಟು ದೂರ? ಉಡುಪಿಯ ವಿದ್ಯಾರ್ಥಿ ಯೋಜನೆಯೊಂದರ ಪ್ರಕರಣ ಅಧ್ಯಯನ

ಉಡುಪಿಯ ಪದವಿ ಕಾಲೇಜೊಂದರ ವಿಜ್ಞಾನ ಪ್ರದರ್ಶನಕ್ಕೆ ಕೃತ್ತಿಕಾ ನಕ್ಷತ್ರಪುಂಜದ ಬಗ್ಗೆ ಒಂದು ಫಲಕ ಸಿದ್ಧಪಡಿಸುವ ಕೆಲಸವನ್ನು ಭೌತಶಾಸ್ತ್ರದ ಕೊನೆಯ ವರ್ಷದ ವಿದ್ಯಾರ್ಥಿಗಳ ತಂಡವೊಂದು ವಹಿಸಿಕೊಂಡಿತ್ತು. ಫಲಕದಲ್ಲಿ ಬರಬೇಕಾಗಿದ್ದದ್ದು ಪುಂಜದ ಒಂದು ಚಿತ್ರ ಮತ್ತು ಮೂರು ಸಂಗತಿ: ದೂರ, ಗಾತ್ರ, ವಯಸ್ಸು. ಗ್ರಂಥಾಲಯದ ಹಳೆಯ ಪುಸ್ತಕವೊಂದರಲ್ಲಿ ದೂರ 410 ಜ್ಯೋತಿರ್ವರ್ಷ ಎಂದಿತ್ತು. 2000ದ ಆಸುಪಾಸಿನಲ್ಲಿ ಅಚ್ಚಾದ ಇನ್ನೊಂದರಲ್ಲಿ 385 ಎಂದಿತ್ತು. ಈಚಿನ ಲೇಖನಗಳೆಲ್ಲ 444 ಎನ್ನುತ್ತಿದ್ದವು. ತಂಡಕ್ಕೆ ಮಾರ್ಗದರ್ಶನ ಮಾಡುವ ಹೊಣೆ ನನ್ನದಾಗಿತ್ತು. ತೀರ ಹೊಸದಾದ ಸಂಖ್ಯೆಯನ್ನು ಬರೆದು ಮುಗಿಸಬಹುದಿತ್ತಾದರೂ, ಆ ಸಂಖ್ಯೆ ಏಕೆ ಸರಿ ಎಂದು ಫಲಕದ ಮುಂದೆ ನಿಂತ ಯಾರಾದರೂ ಕೇಳಿದರೆ ಉತ್ತರ ಹೇಳಲಾಗದ ವಿದ್ಯಾರ್ಥಿ ಆ ಸಂಖ್ಯೆಯನ್ನು ಬರೆಯಬಾರದು ಎಂಬುದು ನನ್ನ ಅಭಿಪ್ರಾಯ. ಹಾಗಾಗಿ ಮೂರು ಸಂಖ್ಯೆಗಳ ಹಿಂದಿನ ಅಳತೆಯನ್ನು ಬುಡದಿಂದ ಪರಿಶೀಲಿಸಬೇಕೆಂದು ನಿರ್ಧರಿಸಿದೆವು. ಆ ಪರಿಶೀಲನೆಯ ವಿವರವೇ ಈ ಬರಹ.

ಕೃತ್ತಿಕೆಯನ್ನು ಆರಿಸಿಕೊಂಡದ್ದಕ್ಕೆ ಕಾರಣವಿತ್ತು. ನಮ್ಮ ಕಡೆಯ ಮಕ್ಕಳಿಗೆ ಆ ಹೆಸರು ಮೊದಲು ಕಿವಿಗೆ ಬೀಳುವುದು ಮಳೆಯ ಹೆಸರಾಗಿ. ಮೇ ತಿಂಗಳಲ್ಲಿ ಸೂರ್ಯ ಕೃತ್ತಿಕಾ ನಕ್ಷತ್ರದಲ್ಲಿರುವಾಗ ಬರುವ ಮಳೆ ಕೃತ್ತಿಕಾ ಮಳೆ. ಆ ದಿನಗಳಲ್ಲಿ ಪುಂಜವು ಸೂರ್ಯನ ಜೊತೆಗೇ ಹುಟ್ಟಿ ಮುಳುಗುವುದರಿಂದ ಕಣ್ಣಿಗೆ ಕಾಣುವುದಿಲ್ಲ. ಕಾರ್ತಿಕ ಮಾಸದ ಹುಣ್ಣಿಮೆಯ ಚಂದ್ರ ಅದರ ಹತ್ತಿರದಲ್ಲಿರುತ್ತಾನೆ, ತಿಂಗಳಿಗೆ ಹೆಸರು ಬಂದದ್ದೇ ಹಾಗೆ. ಕರಾವಳಿಯಲ್ಲಿ ಮಳೆಗಾಲ ಸಂಪೂರ್ಣ ತೊಲಗಿ ಆಕಾಶ ತಿಳಿಯಾಗುವ ನವೆಂಬರ್‌ನಿಂದ ಫೆಬ್ರವರಿಯವರೆಗೆ ಪುಂಜವು ಸಂಜೆಯ ಆಕಾಶದಲ್ಲಿ ಚೆನ್ನಾಗಿ ಸಿಗುತ್ತದೆ. ಬರಿಗಣ್ಣಿಗೆ ಆರೋ ಏಳೋ ತಾರೆಗಳು, ಬೈನಾಕ್ಯುಲರ್‌ನಲ್ಲಿ ಹಲವು ಹತ್ತು. ಆದರೆ ಒಟ್ಟು ಸದಸ್ಯ ತಾರೆಗಳ ಸಂಖ್ಯೆ ಸಾವಿರವನ್ನು ಮೀರುತ್ತದೆ.

ಮಲ್ಪೆಯ ದಡದಲ್ಲಿ ಮೊದಲ ಅಳತೆ

ಆಕಾಶಕ್ಕೆ ಹೋಗುವ ಮೊದಲು, ಮುಟ್ಟಲಾಗದ ವಸ್ತುವಿನ ದೂರವನ್ನು ಕೋನದಿಂದ ಅಳೆಯುವುದು ಎಂದರೇನು ಎಂಬುದು ವಿದ್ಯಾರ್ಥಿಗಳ ಕೈಗೆ ಬರಬೇಕಾಗಿತ್ತು. ಇದಕ್ಕೆ ಮಲ್ಪೆಯ ದಡದಿಂದ ಕಾಣುವ ಸೇಂಟ್ ಮೇರೀಸ್ ದ್ವೀಪ ಬಹಳ ಅನುಕೂಲವಾಯಿತು. ದಡದ ಮರಳಿನ ಮೇಲೆ ಟೇಪಿನಿಂದ ಒಂದು ಕಿಲೋಮೀಟರ್ ಉದ್ದದ ಅಡಿರೇಖೆಯನ್ನು ಅಳೆದು, ಅದರ ಎರಡೂ ತುದಿಗಳಲ್ಲಿ ಪ್ಲೈವುಡ್ ಹಲಗೆಗೆ ದೊಡ್ಡ ಕೋನಮಾಪಕ ಅಂಟಿಸಿ, ನಡುವೆ ತಿರುಗುವ ಪಟ್ಟಿಯ ಎರಡು ತುದಿಗೆ ಎರಡು ಗುಂಡುಸೂಜಿ ನೆಟ್ಟು, ದ್ವೀಪದ ಮೇಲಿನ ಒಂದೇ ತೆಂಗಿನ ಗುಂಪಿಗೆ ಗುರಿ ಹಿಡಿದರು. ಎರಡು ತುದಿಗಳ ಕೋನ ತಿಳಿದರೆ ಮೂರನೆಯದು ತಾನಾಗಿ ದೊರೆಯುತ್ತದೆ. ಆ ಮೂರನೆಯ ಕೋನ, ಅಂದರೆ ದ್ವೀಪದಿಂದ ನೋಡಿದಾಗ ನಮ್ಮ ಒಂದು ಕಿಲೋಮೀಟರ್ ಎಷ್ಟು ಅಗಲವಾಗಿ ಕಾಣುತ್ತದೆ ಎಂಬ ಕೋನ, ಒಂದು ಗುರಿಯಲ್ಲಿ 14 ಡಿಗ್ರಿ, ಮತ್ತೊಂದರಲ್ಲಿ 15 ಡಿಗ್ರಿ ಬಂದಿತು. ಮೊದಲನೆಯದರಿಂದ ದೂರ ಸುಮಾರು 4 ಕಿಲೋಮೀಟರ್, ಎರಡನೆಯದರಿಂದ ಸುಮಾರು 3.7. ಗಾಳಿಗೆ ಹಲಗೆ ಅಲುಗಿದ್ದರಿಂದ ಕೋನದಲ್ಲಿ ಆದ ಒಂದು ಡಿಗ್ರಿಯ ವ್ಯತ್ಯಾಸ ದೂರದಲ್ಲಿ ಸುಮಾರು 300 ಮೀಟರ್ ಆಯಿತು.

ಈ 300 ಮೀಟರ್ ಇಡೀ ಯೋಜನೆಯ ಕೀಲಿಕೈ ಎಂದು ನನಗೆ ಅನ್ನಿಸುತ್ತದೆ. ದೂರವನ್ನು ನಾವು ನೇರವಾಗಿ ಅಳೆಯಲಿಲ್ಲ, ಕೋನವನ್ನು ಅಳೆದೆವು. ಕೋನದ ತಪ್ಪು ಎಷ್ಟು ಎಂಬುದು ಗೊತ್ತಿಲ್ಲದಿದ್ದರೆ ದೂರದ ಸಂಖ್ಯೆಗೆ ಅರ್ಥವಿಲ್ಲ. ಅದೇ ದಿನ ದ್ವೀಪದ ಎರಡು ಅಂಚುಗಳ ನಡುವಿನ ಕೋನವನ್ನೂ ಅಳೆದು ದೂರದಿಂದ ಗುಣಿಸಿ ದ್ವೀಪದ ಉದ್ದವನ್ನು ಲೆಕ್ಕ ಹಾಕಿದಾಗ, ಹಿಂದಿನ 300 ಮೀಟರ್‌ನ ತಪ್ಪು ಆ ಉದ್ದದೊಳಗೂ ಅದೇ ಪ್ರಮಾಣದಲ್ಲಿ ಬಂದು ಸೇರಿದ್ದನ್ನು ವಿದ್ಯಾರ್ಥಿನಿಯೊಬ್ಬಳು ತಾನಾಗಿಯೇ ಗಮನಿಸಿದಳು.

ನಕ್ಷತ್ರಕ್ಕೆ ಅದೇ ತ್ರಿಕೋನ

ನಕ್ಷತ್ರಗಳಿಗೆ ಮರಳಿನ ಮೇಲಿನ ಅಡಿರೇಖೆ ಸಾಲದು. ಭೂಮಿ ಸೂರ್ಯನನ್ನು ಸುತ್ತುವುದರಿಂದ ಆರು ತಿಂಗಳ ಅಂತರದಲ್ಲಿ ನಾವು ಸುಮಾರು 30 ಕೋಟಿ ಕಿಲೋಮೀಟರ್ ದೂರದ ಎರಡು ತುದಿಗಳಿಂದ ಅದೇ ನಕ್ಷತ್ರವನ್ನು ನೋಡುತ್ತೇವೆ, ಆಗ ಹತ್ತಿರದ ನಕ್ಷತ್ರ ಬಹುದೂರದ ಹಿನ್ನೆಲೆಯ ಮೇಲೆ ಸ್ವಲ್ಪ ಜರುಗಿದಂತೆ ಕಾಣುತ್ತದೆ. ಈ ಜರುಗುವಿಕೆಯ ಅರ್ಧವನ್ನು ಪ್ಯಾರಲಾಕ್ಸ್ ಎನ್ನುತ್ತಾರೆ. ಅದು ಒಂದು ಆರ್ಕ್ ಸೆಕೆಂಡ್, ಅಂದರೆ ಡಿಗ್ರಿಯ 3600ರಲ್ಲಿ ಒಂದು ಪಾಲು ಇದ್ದರೆ ನಕ್ಷತ್ರದ ದೂರ ಒಂದು ಪಾರ್ಸೆಕ್, ಅಥವಾ 3.26 ಜ್ಯೋತಿರ್ವರ್ಷ. 1838ರಲ್ಲಿ ಫ್ರೆಡ್ರಿಕ್ ಬೆಸೆಲ್ ಹಂಸ ರಾಶಿಯ 61 ಸಿಗ್ನಿ ಎಂಬ ಮಂದ ತಾರೆಗೆ ಈ ಕೋನವನ್ನು ಮೊದಲ ಬಾರಿಗೆ ನಂಬಲರ್ಹವಾಗಿ ಅಳೆದು ಪ್ರಕಟಿಸಿದಾಗ ಅದು ಒಂದು ಆರ್ಕ್ ಸೆಕೆಂಡಿನ ಮೂರನೆಯ ಒಂದು ಭಾಗದಷ್ಟಿತ್ತು.

ಕೃತ್ತಿಕೆಯ ಪ್ಯಾರಲಾಕ್ಸ್ ಅದಕ್ಕಿಂತ ತೀರ ಸಣ್ಣದು: ಸುಮಾರು 7.36 ಮಿಲಿ ಆರ್ಕ್ ಸೆಕೆಂಡ್ (ಆರ್ಕ್ ಸೆಕೆಂಡಿನ ಸಾವಿರದಲ್ಲಿ ಒಂದು ಪಾಲು ಒಂದು ಮಿಲಿ ಆರ್ಕ್ ಸೆಕೆಂಡ್). ಉಡುಪಿಯಲ್ಲಿ ನಿಂತವನಿಗೆ ಚೆನ್ನೈಯಲ್ಲಿ ಇಟ್ಟ ಒಂದು ರೂಪಾಯಿ ನಾಣ್ಯ ಕಾಣುವಂತಿದ್ದರೆ, ಆ ನಾಣ್ಯದ ಅಗಲ ಹತ್ತಿರಹತ್ತಿರ ಇಷ್ಟು ಕೋನವನ್ನು ಮಾಡುತ್ತದೆ. ಭೂಮಿಯ ವಾತಾವರಣದ ಕೆಳಗೆ ಕುಳಿತ ದೂರದರ್ಶಕದಲ್ಲಿ ನಕ್ಷತ್ರದ ಬಿಂಬ ಇದಕ್ಕಿಂತ ನೂರು ಪಟ್ಟಿಗೂ ಹೆಚ್ಚು ಹರಡಿಕೊಂಡಿರುತ್ತದೆ ಎಂಬುದನ್ನು ನೆನೆದರೆ, ಹಳೆಯ ಪುಸ್ತಕದ 410 ಪ್ಯಾರಲಾಕ್ಸ್‌ನಿಂದ ಬಂದದ್ದಲ್ಲ ಎಂಬುದು ಅರ್ಥವಾಗುತ್ತದೆ. ಅದು ಬಂದದ್ದು ಕಾಂತಿಯ ಹೋಲಿಕೆಯಿಂದ. ತಾರೆಯ ಬಣ್ಣ ಅದರ ಮೇಲ್ಮೈ ತಾಪವನ್ನು ಹೇಳುತ್ತದೆ. ಜಲಜನಕವನ್ನು ಉರಿಸುತ್ತಿರುವ ಸಾಮಾನ್ಯ ತಾರೆಗಳಲ್ಲಿ (ಇವುಗಳ ಸಾಲೇ ಪ್ರಧಾನ ಸರಣಿ) ತಾಪ ತಿಳಿದರೆ ನಿಜ ಕಾಂತಿಯೂ ಸುಮಾರಾಗಿ ತಿಳಿಯುತ್ತದೆ. ನಿಜ ಕಾಂತಿಗೂ ನಮಗೆ ತೋರುವ ಕಾಂತಿಗೂ ಇರುವ ವ್ಯತ್ಯಾಸದಿಂದ ದೂರ ಹೊರಡುತ್ತದೆ. ಇದನ್ನು ಇಡೀ ಗುಚ್ಛಕ್ಕೆ ಅನ್ವಯಿಸುವುದೇ ಪ್ರಧಾನ ಸರಣಿ ಹೊಂದಾಣಿಕೆಯ ವಿಧಾನ.

ಒಂದು ಉಪಗ್ರಹ ಎಬ್ಬಿಸಿದ ವಿವಾದ

ನಮ್ಮ ಪ್ರಕರಣದ ತಿರುಳು ಇರುವುದು ಎರಡನೆಯ ಸಂಖ್ಯೆಯಲ್ಲಿ. 1989ರಲ್ಲಿ ಯುರೋಪಿನ ಬಾಹ್ಯಾಕಾಶ ಸಂಸ್ಥೆ ಹಾರಿಸಿದ ಹಿಪ್ಪಾರ್ಕಸ್ ಉಪಗ್ರಹ ವಾತಾವರಣದ ಆಚೆಯಿಂದ ಒಂದು ಲಕ್ಷ 18 ಸಾವಿರಕ್ಕೂ ಹೆಚ್ಚು ನಕ್ಷತ್ರಗಳ ಪ್ಯಾರಲಾಕ್ಸ್ ಅಳೆಯಿತು, ಅದರ ಪಟ್ಟಿ 1997ರಲ್ಲಿ ಪ್ರಕಟವಾಯಿತು. ಕೃತ್ತಿಕೆಗೆ ಬಂದ ಉತ್ತರ ಸುಮಾರು 118 ಪಾರ್ಸೆಕ್, 385 ಜ್ಯೋತಿರ್ವರ್ಷ. ಮರುವರ್ಷವೇ ಪ್ರಧಾನ ಸರಣಿಯ ವಿಧಾನವನ್ನು ಎಚ್ಚರದಿಂದ ಮತ್ತೆ ಮಾಡಿದವರಿಗೆ ಸಿಕ್ಕಿದ್ದು ಸುಮಾರು 132 ಪಾರ್ಸೆಕ್. ಹಿಪ್ಪಾರ್ಕಸ್ ದತ್ತಾಂಶವನ್ನು ಮುಂದೆ ಹೊಸದಾಗಿ ಸಂಸ್ಕರಿಸಿದಾಗಲೂ 120 ಪಾರ್ಸೆಕ್‌ಗೆ ಮಾತ್ರ ಬಂದು ನಿಂತಿತು.

ಹತ್ತು ಶೇಕಡಕ್ಕೆ ಇಷ್ಟೊಂದು ಗಲಾಟೆ ಏಕೆ ಎಂದು ಕೇಳಬಹುದು. ನಮಗೆ ತೋರುವ ಕಾಂತಿಯು ದೂರದ ವರ್ಗಕ್ಕೆ ವಿಲೋಮವಾಗಿ ಬದಲಾಗುತ್ತದೆ. ಪುಂಜ 136 ಪಾರ್ಸೆಕ್‌ನಲ್ಲಿಲ್ಲ (ಈಚಿನ ಲೇಖನಗಳ 444 ಜ್ಯೋತಿರ್ವರ್ಷ ಇದೇ), 120ರಲ್ಲೇ ಇದೆ ಎಂದಾದರೆ ಅದರ ಪ್ರತಿ ತಾರೆಯ ನಿಜ ಕಾಂತಿಯೂ ಐದನೆಯ ಒಂದು ಭಾಗಕ್ಕೂ ಮಿಕ್ಕಿ ತಗ್ಗಬೇಕು. ಸೂರ್ಯನಂಥದೇ ಧಾತುಗಳ ಪ್ರಮಾಣವಿರುವ ತಾರೆಗಳು ಅದೇ ತಾಪದಲ್ಲಿದ್ದೂ ಇಷ್ಟು ಮಂಕಾಗಿರುವುದು ಹೇಗೆ? ಹಿಪ್ಪಾರ್ಕಸ್ ಸರಿಯಾಗಿದ್ದರೆ ತಾರೆಗಳ ಒಳರಚನೆಯ ಬಗ್ಗೆ ನಮಗಿರುವ ತಿಳಿವಳಿಕೆಯಲ್ಲೇ ದೋಷವಿರಬೇಕು. ಜೊತೆಗೆ ಕೃತ್ತಿಕೆಯು ಬೇರೆ ಗುಚ್ಛಗಳ ದೂರವನ್ನು ಅಳೆಯಲು ಅಳತೆಗೋಲಾಗಿ ಬಳಕೆಯಲ್ಲಿದ್ದುದರಿಂದ, ಇಲ್ಲಿನ ತಪ್ಪು ಮುಂದಿನ ಮೆಟ್ಟಿಲುಗಳಿಗೂ ದಾಟುತ್ತಿತ್ತು.

ಇಂಥ ವಿವಾದ ಇತ್ಯರ್ಥವಾಗಬೇಕಾದರೆ ಎರಡೂ ಪಕ್ಷಗಳ ಊಹೆಗಳನ್ನು ಆಶ್ರಯಿಸದ ಮೂರನೆಯ ಅಳತೆ ಬೇಕು. 2004ರಲ್ಲಿ ಅಂಥದೊಂದು ಬಂತು, ಅದನ್ನು ಪ್ರಕಟಿಸಿದ ಮೂವರಲ್ಲಿ ಒಬ್ಬರು ಹುಬ್ಬಳ್ಳಿಯಲ್ಲಿ ಶಾಲೆ ಕಲಿತ ಖಗೋಳವಿಜ್ಞಾನಿ ಶ್ರೀನಿವಾಸ ಕುಲಕರ್ಣಿ. ಪುಂಜದ ಅಟ್ಲಾಸ್ ಎಂಬ ತಾರೆ ಬರಿಗಣ್ಣಿಗೆ ಒಂದೇ ಚುಕ್ಕೆಯಾಗಿ ಕಂಡರೂ ವಾಸ್ತವವಾಗಿ ಜೋಡಿ. ಒಂದು ಇನ್ನೊಂದನ್ನು ಸುಮಾರು 291 ದಿನಗಳಲ್ಲಿ ಸುತ್ತುತ್ತದೆ. ಬೇರೆಬೇರೆ ಕನ್ನಡಿಗಳಿಂದ ಬಂದ ಬೆಳಕನ್ನು ಒಂದುಗೂಡಿಸುವ ಇಂಟರ್‌ಫೆರೊಮೀಟರ್‌ನಿಂದ ಈ ಕಕ್ಷೆ ಆಕಾಶದಲ್ಲಿ ಎಷ್ಟು ಕೋನದಷ್ಟು ಅಗಲವಾಗಿದೆ ಎಂದು ಅಳೆದರು. ಸುತ್ತುವ ಅವಧಿಯಿಂದಲೂ ಜೋಡಿಯ ರಾಶಿಯಿಂದಲೂ (ಅಂದರೆ ಅದರಲ್ಲಿರುವ ದ್ರವ್ಯದ ಪ್ರಮಾಣದಿಂದಲೂ) ಕೆಪ್ಲರನ ಮೂರನೆಯ ನಿಯಮದಂತೆ ಕಕ್ಷೆಯ ನಿಜವಾದ ಅಗಲವನ್ನು ಲೆಕ್ಕ ಹಾಕಿದರು. ನಿಜ ಅಗಲವನ್ನು ಕೋನದಿಂದ ಭಾಗಿಸಿದಾಗ ದೂರ 133ರಿಂದ 137 ಪಾರ್ಸೆಕ್ ಎಂದು ಬಂತು. ಮಲ್ಪೆಯಲ್ಲಿ ದೂರ ಗೊತ್ತಿದ್ದು ದ್ವೀಪದ ಉದ್ದ ಕಂಡುಕೊಂಡ ಲೆಕ್ಕವನ್ನೇ ಇಲ್ಲಿ ಹಿಂದುಮುಂದಾಗಿ ಮಾಡಲಾಗಿದೆ ಎಂದು ಕರಿಹಲಗೆಯ ಮೇಲೆ ತೋರಿಸಿದಾಗ ತಂಡದವರಿಗೆ ಇದು ಕೂಡಲೇ ಹಿಡಿಸಿತು.

2014ರಲ್ಲಿ ದೂರದೂರ ಹರಡಿದ ರೇಡಿಯೊ ದೂರದರ್ಶಕಗಳನ್ನು ಒಂದಾಗಿ ಬಳಸಿ, ಪುಂಜದ ಕೆಲವು ತಾರೆಗಳ ಪ್ಯಾರಲಾಕ್ಸ್ ಅಳೆದಾಗ 136.2 ಪಾರ್ಸೆಕ್ ಎಂಬ ಉತ್ತರ ಸಿಕ್ಕಿತು, ಅದರ ಅನಿಶ್ಚಿತತೆ 1.2 ಪಾರ್ಸೆಕ್ ಮಾತ್ರ. ಹಿಪ್ಪಾರ್ಕಸ್ ಎಡವಿದ್ದಕ್ಕೆ ಮುಂದಿಟ್ಟ ಒಂದು ವಿವರಣೆಯೆಂದರೆ, ಆಕಾಶದ ಒಂದೇ ಸಣ್ಣ ಜಾಗದಲ್ಲಿರುವ ತಾರೆಗಳ ಅಳತೆಯ ತಪ್ಪುಗಳು ಸ್ವತಂತ್ರವಾಗಿರದೆ ಒಂದೇ ದಿಕ್ಕಿಗೆ ವಾಲಿದ್ದವು ಎಂಬುದು. ತಪ್ಪುಗಳು ಹಾಗೆ ಒಟ್ಟಾಗಿ ವಾಲಿದಾಗ ಎಷ್ಟು ತಾರೆಗಳ ಸರಾಸರಿ ತೆಗೆದರೂ ಅವು ಪರಸ್ಪರ ಕಳೆದುಹೋಗುವುದಿಲ್ಲ. ಹೆಚ್ಚು ಸಲ ಅಳೆದರೆ ಸರಿಯುತ್ತರ ಸಿಕ್ಕೇ ಸಿಗುತ್ತದೆ ಎಂದು ನಮ್ಮ ಪ್ರಯೋಗಾಲಯಗಳಲ್ಲಿ ಕಲಿಸಿಬಿಡುತ್ತೇವೆ. ಅದಕ್ಕೆ ಇರುವ ಷರತ್ತನ್ನು ಇಷ್ಟು ಚೆನ್ನಾಗಿ ತೋರಿಸುವ ಬೇರೆ ಉದಾಹರಣೆ ನನಗೆ ತಿಳಿದಿಲ್ಲ.

ಗಾಯಾ ದತ್ತಾಂಶದೊಂದಿಗೆ ಕೆಲಸ

ಹಿಪ್ಪಾರ್ಕಸ್‌ನ ಉತ್ತರಾಧಿಕಾರಿಯಾದ ಗಾಯಾ 2013ರ ಡಿಸೆಂಬರ್‌ನಲ್ಲಿ ಹಾರಿ 2025ರ ಜನವರಿಯವರೆಗೆ ಆಕಾಶವನ್ನು ಅಳೆಯಿತು. ಅದರ 2022ರ ಪಟ್ಟಿಯಲ್ಲಿ 180 ಕೋಟಿಯಷ್ಟು ಆಕಾಶಕಾಯಗಳಿವೆ, ಪಟ್ಟಿ ಎಲ್ಲರಿಗೂ ಉಚಿತವಾಗಿ ತೆರೆದಿದೆ. ಉಡುಪಿಯ ಕಾಲೇಜಿನ ಕಂಪ್ಯೂಟರ್ ಕೊಠಡಿಯಲ್ಲಿ ಕುಳಿತವರಿಗೂ ಹೈಡೆಲ್‌ಬರ್ಗ್‌ನ ಸಂಶೋಧಕರಿಗೂ ಸಿಗುವುದು ಅದೇ ಅಂಕಿಗಳು. ತಂಡದವರು ಪುಂಜದ ಕೇಂದ್ರದಿಂದ ಎರಡು ಡಿಗ್ರಿಯೊಳಗಿನ ತಾರೆಗಳ ಪ್ಯಾರಲಾಕ್ಸ್ ಮತ್ತು ಸ್ವಚಲನೆಯನ್ನು, ಅಂದರೆ ಆಕಾಶದಲ್ಲಿ ತಾರೆ ವರ್ಷಕ್ಕೆ ಎಷ್ಟು ಕೋನ ಸರಿಯುತ್ತದೆ ಎಂಬುದನ್ನು, ಇಳಿಸಿಕೊಂಡರು.

ತೊಡಕು ಕೂಡಲೇ ಎದುರಾಯಿತು. ಸಾವಿರಾರು ಸಾಲುಗಳ ಆ ಕಡತದಲ್ಲಿ ಕೆಲವು ಪ್ಯಾರಲಾಕ್ಸ್‌ಗಳು ಋಣ ಸಂಖ್ಯೆಗಳಾಗಿದ್ದವು. "ಮೈನಸ್ ದೂರ ಅಂದ್ರೆ ಎಂತ ಸರ್?" ಎಂದು ಒಬ್ಬ ಕೇಳಿದ. ಪ್ರಶ್ನೆ ನ್ಯಾಯವಾದದ್ದೇ. ಬಹುದೂರದ ತಾರೆಯ ನಿಜವಾದ ಪ್ಯಾರಲಾಕ್ಸ್ ಸೊನ್ನೆಗೆ ತೀರ ಹತ್ತಿರವಿರುತ್ತದೆ. ಅಳತೆಯ ತಪ್ಪು ಅದಕ್ಕಿಂತ ದೊಡ್ಡದಾಗಿದ್ದರೆ ಅಳೆದ ಬೆಲೆ ಸೊನ್ನೆಯ ಈಚೆಗೂ ಬೀಳಬಹುದು. ಅದನ್ನು ದೂರಕ್ಕೆ ತಿರುಗಿಸಲು ಹೋಗಬಾರದು, ಹಾಗೆಂದು ಅಳಿಸಿಹಾಕಲೂಬಾರದು, ಏಕೆಂದರೆ ಒಂದು ಕಡೆಯ ತಪ್ಪುಗಳನ್ನು ಮಾತ್ರ ತೆಗೆದುಹಾಕಿದರೆ ಉಳಿದವುಗಳ ಸರಾಸರಿ ವಾಲುತ್ತದೆ.

ಪುಂಜದ ತಾರೆಗಳನ್ನು ಹಿನ್ನೆಲೆಯ ತಾರೆಗಳಿಂದ ಬೇರ್ಪಡಿಸಲು ಸ್ವಚಲನೆ ನೆರವಾಯಿತು. ಒಂದೇ ಮೋಡದಿಂದ ಹುಟ್ಟಿದ ಕೃತ್ತಿಕೆಯ ತಾರೆಗಳು ಒಟ್ಟಾಗಿ ಚಲಿಸುತ್ತಿವೆ: ಪೂರ್ವಕ್ಕೆ ವರ್ಷಕ್ಕೆ ಸುಮಾರು 20 ಮಿಲಿ ಆರ್ಕ್ ಸೆಕೆಂಡ್, ದಕ್ಷಿಣಕ್ಕೆ ಸುಮಾರು 45. ಪ್ರತಿ ತಾರೆಯ ಈ ಎರಡು ಬೆಲೆಗಳನ್ನು ಅಡ್ಡ ಮತ್ತು ಲಂಬ ಅಕ್ಷಗಳಲ್ಲಿಟ್ಟು ಚುಕ್ಕೆ ಹಾಕುತ್ತ ಹೋದಾಗ, ಸೊನ್ನೆಯ ಸುತ್ತ ಹರಡಿದ ದಟ್ಟ ಹಿನ್ನೆಲೆಯಿಂದ ದೂರದಲ್ಲಿ ಒಂದು ಚಿಕ್ಕ, ಬಿಗಿಯಾದ ಗುಂಪು ತೆರೆಯ ಮೇಲೆ ಮೂಡಿತು. ಅಲ್ಲಿರುವ ತಾರೆಗಳನ್ನಷ್ಟೇ ಉಳಿಸಿಕೊಂಡು ಪ್ಯಾರಲಾಕ್ಸ್‌ನ ಸ್ತಂಭಚಿತ್ರ ಬರೆದಾಗ ಅದರ ಶಿಖರ 7.3 ಮತ್ತು 7.4ರ ನಡುವೆ ಬಂದಿತು, ಎಂದರೆ ಸುಮಾರು 136 ಪಾರ್ಸೆಕ್. ದೂರಗಳ ಸರಾಸರಿ ತೆಗೆಯದೆ ಮೊದಲು ಪ್ಯಾರಲಾಕ್ಸ್‌ಗಳ ಸರಾಸರಿ ತೆಗೆದು ಅದನ್ನು ದೂರವಾಗಿಸಬೇಕು ಎಂಬುದನ್ನು ಎರಡೂ ರೀತಿ ಮಾಡಿ ನೋಡಿಯೇ ಒಪ್ಪಿಕೊಂಡರು. ಗಾಯಾ ಪ್ಯಾರಲಾಕ್ಸ್‌ಗಳಲ್ಲಿ ಸೊನ್ನೆಯ ಬಿಂದುವೇ ಮಿಲಿ ಆರ್ಕ್ ಸೆಕೆಂಡಿನ ನೂರನೆಯ ಕೆಲವು ಭಾಗಗಳಷ್ಟು ಸರಿದಿರುವುದು ಗೊತ್ತಿರುವ ವಿಷಯ. ಕೃತ್ತಿಕೆಯ ಮಟ್ಟಿಗೆ ಅದರ ಪರಿಣಾಮ ಅರ್ಧ ಪಾರ್ಸೆಕ್‌ನ ಆಸುಪಾಸು.

ಇಲ್ಲೊಂದು ಸಂಗತಿ ನನಗೆ ಬಹಳ ಇಷ್ಟವಾಯಿತು. ಮಲ್ಪೆಯಲ್ಲಿ ನಿಂತು ಬರಿಗಣ್ಣಿನಲ್ಲಿ ನಾವು ಎಣಿಸುವ ಆ ಆರೇಳು ತಾರೆಗಳು ಗಾಯಾಕ್ಕೆ ಅತಿ ಪ್ರಖರ, ಅವುಗಳ ಅಳತೆಯೇ ಅದಕ್ಕೆ ಕಷ್ಟ. ಪುಂಜದ ದೂರವನ್ನು ನಿಖರವಾಗಿ ತಿಳಿಸಿದ್ದು ದೂರದರ್ಶಕವಿಲ್ಲದೆ ಯಾರೂ ನೋಡಿರದ ನೂರಾರು ಮಂದ ತಾರೆಗಳು.

ಗಾತ್ರ ಮತ್ತು ವಯಸ್ಸು

ದೂರ ಒಮ್ಮೆ ನಿಂತ ಮೇಲೆ ಗಾತ್ರಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಪುಂಜದ ಮುಖ್ಯ ಭಾಗ ಆಕಾಶದಲ್ಲಿ ಸುಮಾರು 2 ಡಿಗ್ರಿ ಹರಡಿದೆ, ಅಂದರೆ ನಾಲ್ಕು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು. 444 ಜ್ಯೋತಿರ್ವರ್ಷದಲ್ಲಿ ಇದು 15 ಜ್ಯೋತಿರ್ವರ್ಷಕ್ಕಿಂತ ತುಸು ಹೆಚ್ಚು ಅಗಲ. 385 ಎಂದಿಟ್ಟುಕೊಂಡಿದ್ದರೆ ಹದಿಮೂರೂವರೆಗೆ ಇಳಿಯುತ್ತಿತ್ತು. ಬಿಡಿ ತಾರೆಯ ವ್ಯಾಸವನ್ನು ಕಾಂತಿ ಮತ್ತು ತಾಪದಿಂದ ಲೆಕ್ಕ ಹಾಕಿದರೂ, ಇಂಟರ್‌ಫೆರೊಮೀಟರ್‌ನಿಂದ ಕೋನವಾಗಿ ಅಳೆದರೂ ಕೊನೆಗೆ ದೂರವೇ ಬೇಕು.

ವಯಸ್ಸಿಗೆ ಬಂದಾಗ ಮತ್ತೆ ದ್ವೀಪವೇ ದಾರಿ ತೋರಿಸಿತು. ಸೇಂಟ್ ಮೇರೀಸ್‌ನ ಕಂಬಗಲ್ಲುಗಳು ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದ ಲಾವಾದಿಂದ ಆದವು. ಆ ಕಲ್ಲಿನಲ್ಲಿರುವ ವಿಕಿರಣಶೀಲ ಪೊಟ್ಯಾಸಿಯಂ ನಿಗದಿತ ವೇಗದಲ್ಲಿ ಆರ್ಗಾನ್ ಆಗಿ ಮಾರ್ಪಡುತ್ತದೆ, ಕಲ್ಲಿನೊಳಗೆ ಸಿಕ್ಕಿಕೊಂಡ ಆರ್ಗಾನ್ ಎಷ್ಟಿದೆ ಎಂದು ಅಳೆದರೆ ಲಾವಾ ಗಟ್ಟಿಯಾಗಿ ಎಷ್ಟು ಕಾಲವಾಯಿತು ಎಂದು ತಿಳಿಯುತ್ತದೆ. ಬೇರೆಬೇರೆ ಅಧ್ಯಯನಗಳು ಎಂಟೂವರೆಯಿಂದ ಒಂಬತ್ತು ಕೋಟಿ ವರ್ಷಗಳ ಆಚೀಚೆ ಉತ್ತರ ಕೊಟ್ಟಿವೆ. ತಾರೆಯಿಂದ ಹೀಗೆ ಕಲ್ಲು ತರಲಾಗದು. ಅದರ ಬೆಳಕಿನಲ್ಲೇ ಗಡಿಯಾರ ಹುಡುಕಬೇಕು.

ಒಂದು ಗಡಿಯಾರ ಭಾರಿ ತಾರೆಗಳದ್ದು. ರಾಶಿ ಹೆಚ್ಚಿದಂತೆ ಆಯುಷ್ಯ ಕಡಿಮೆ. ಗುಚ್ಛದಲ್ಲಿ ಯಾವ ರಾಶಿಯ ತಾರೆಗಳು ಜಲಜನಕ ಮುಗಿಸಿ ಪ್ರಧಾನ ಸರಣಿಯನ್ನು ಬಿಡುತ್ತಿವೆ ಎಂಬುದು ಗುಚ್ಛದ ವಯಸ್ಸನ್ನು ಸೂಚಿಸುತ್ತದೆ. ಆದರೆ ಕೃತ್ತಿಕೆಯಲ್ಲಿ ಅಂಥ ತಾರೆಗಳು ಕೆಲವೇ ಇವೆ, ಅವುಗಳಲ್ಲಿ ಕೆಲವು ಬಹಳ ವೇಗವಾಗಿ ತಿರುಗುವುದರಿಂದ ಲೆಕ್ಕ ತೊಡಕಾಗುತ್ತದೆ. ಆದ್ದರಿಂದ ನಾನು ಹೆಚ್ಚು ನೆಚ್ಚುವುದು ಎರಡನೆಯ ಗಡಿಯಾರವನ್ನು, ಲಿಥಿಯಂನದನ್ನು. ತೀರ ಕಡಿಮೆ ರಾಶಿಯ ತಾರೆಗಳು ಹುಟ್ಟಿದ ಮೇಲೆ ಮೆಲ್ಲಮೆಲ್ಲನೆ ಕುಗ್ಗುತ್ತ ಒಳಗೆ ಬಿಸಿಯಾಗುತ್ತವೆ. ಕೇಂದ್ರದ ತಾಪ ಸುಮಾರು 25 ಲಕ್ಷ ಡಿಗ್ರಿ ದಾಟಿದಾಗ ಲಿಥಿಯಂ ಉರಿದುಹೋಗುತ್ತದೆ, ಇಡೀ ತಾರೆ ಕುದಿಯುತ್ತ ಬೆರೆಯುವುದರಿಂದ ಮೇಲ್ಮೈಯಲ್ಲೂ ಅದು ಉಳಿಯುವುದಿಲ್ಲ. ರಾಶಿ ಕಡಿಮೆಯಾದಷ್ಟೂ ಈ ತಾಪ ತಲುಪಲು ಹೆಚ್ಚು ಕಾಲ ಬೇಕು. ಗುಚ್ಛದ ತಾರೆಗಳನ್ನು ಕಾಂತಿಯ ಕ್ರಮದಲ್ಲಿ ಇಳಿಯುತ್ತ ಹೋದರೆ ಒಂದು ಗಡಿಯ ಮೇಲೆ ಲಿಥಿಯಂ ಇಲ್ಲ, ಕೆಳಗೆ ಇದೆ. ಆ ಗಡಿಯ ಕಾಂತಿಯೇ ವಯಸ್ಸನ್ನು ಹೇಳುತ್ತದೆ. 1995ರಲ್ಲಿ ಟೈಡೆ 1 ಎಂಬ ಕಂದು ಕುಬ್ಜ (ಪೂರ್ಣ ತಾರೆಯಾಗಲು ಸಾಲದಷ್ಟು ಕಡಿಮೆ ರಾಶಿಯ ಕಾಯ) ಇದೇ ಪುಂಜದಲ್ಲಿ ಪತ್ತೆಯಾದ ಬೆನ್ನಿಗೇ ಈ ವಿಧಾನ ಇಲ್ಲಿ ಕೈಗೂಡಿತು. 1998ರಲ್ಲಿ ಬಂದ ಉತ್ತರ ಸುಮಾರು ಹನ್ನೆರಡೂವರೆ ಕೋಟಿ ವರ್ಷ. 136 ಪಾರ್ಸೆಕ್ ದೂರವನ್ನು ಬಳಸಿ 2015ರಲ್ಲಿ ಬಂದದ್ದು ಸುಮಾರು 11 ಕೋಟಿ 20 ಲಕ್ಷ. ಪುಂಜ ಹತ್ತಿರವಿದೆ ಎಂದುಕೊಂಡರೆ ಗಡಿಯ ಕಾಂತಿ ಕಡಿಮೆಯೆಂದಾಗಿ ವಯಸ್ಸು ಏರುತ್ತದೆ, ದೂರವಿದೆ ಎಂದುಕೊಂಡರೆ ಇಳಿಯುತ್ತದೆ.

ಪುಂಜದ ಚಿತ್ರಗಳಲ್ಲಿ ತಾರೆಗಳ ಸುತ್ತ ಕಾಣುವ ನೀಲಿ ಮಬ್ಬು ಅವುಗಳು ಹುಟ್ಟಿದ ಮೋಡದ ಶೇಷ ಎಂದು ಹಳೆಯ ಪುಸ್ತಕಗಳಲ್ಲಿದೆ. ತಾರೆಗಳ ಚಲನೆಗೂ ಮೋಡದ ಚಲನೆಗೂ ಹೊಂದಿಕೆಯಿಲ್ಲದಿರುವುದರಿಂದ, ಪುಂಜವು ಈಗ ಹಾದುಹೋಗುತ್ತಿರುವ ಬೇರೊಂದು ಧೂಳಿನ ಮೋಡ ಅದು ಎಂಬುದು ಇಂದಿನ ತಿಳಿವಳಿಕೆ. ಫಲಕದ ಮೊದಲ ಕರಡಿನಿಂದ ಆ ಸಾಲನ್ನು ತೆಗೆದೆವು.

ಫಲಕ ಮತ್ತು ಮುಂದಿನ ಕೆಲಸ

ಅಂತಿಮ ಫಲಕದಲ್ಲಿ ದೂರ 136 ಪಾರ್ಸೆಕ್, ಒಂದು ಪಾರ್ಸೆಕ್ ಆಚೀಚೆ. ಅಗಲ ಸುಮಾರು 15 ಜ್ಯೋತಿರ್ವರ್ಷ. ವಯಸ್ಸು 11ರಿಂದ 13 ಕೋಟಿ ವರ್ಷ ಎಂದು ಬರೆದು, ಪ್ರತಿಯೊಂದರ ಕೆಳಗೆ ಅದನ್ನು ಅಳೆದ ವಿಧಾನವನ್ನು ಒಂದು ಸಾಲಿನಲ್ಲಿ ಸೇರಿಸಿದರು. ವಯಸ್ಸಿಗೆ ಒಂದೇ ಸಂಖ್ಯೆ ಹಾಕಿದರೆ ನೋಡುವವರಿಗೆ ಸುಲಭ ಎಂಬ ವಾದ ತಂಡದೊಳಗೇ ಬಂತು, ನಾನು ಒಪ್ಪಲಿಲ್ಲ. ದೂರದ ನಿಶ್ಚಿತತೆ ವಯಸ್ಸಿಗಿಲ್ಲ ಎಂಬುದೂ ಫಲಕ ತಿಳಿಸಬೇಕಾದ ಮಾಹಿತಿಯೇ. ದೂರ 444 ಜ್ಯೋತಿರ್ವರ್ಷವಾದರೆ ನಾವೀಗ ನೋಡುವ ಬೆಳಕು ಅಲ್ಲಿಂದ ಹೊರಟದ್ದು 16ನೆಯ ಶತಮಾನದಲ್ಲಿ, ಉಳ್ಳಾಲದ ರಾಣಿ ಅಬ್ಬಕ್ಕ ಪೋರ್ಚುಗೀಸರನ್ನು ಎದುರಿಸಿದ ಶತಮಾನದಲ್ಲಿ. 385 ಎಂದಾಗಿದ್ದರೆ 17ನೆಯ ಶತಮಾನದ ನಡುಭಾಗಕ್ಕೆ ಬರುತ್ತಿತ್ತು. ಈ ಸಾಲನ್ನು ಸೇರಿಸಿದ್ದು ವಿದ್ಯಾರ್ಥಿಗಳೇ.

ತಂಡ ಈಗ ಪಕ್ಕದಲ್ಲೇ ಕಾಣುವ ರೋಹಿಣಿಯ ಕಡೆಗೆ ಹೊರಳಿದೆ. ಕೆಂಪಾಗಿ ಹೊಳೆಯುವ ರೋಹಿಣಿಯೂ ಅದರ ಸುತ್ತಲಿನ ಹಯಡೀಸ್ ಗುಚ್ಛವೂ ನೋಡಲು ಒಂದೇ ಪುಂಜದಂತಿವೆ. ಆದರೆ ಗುಚ್ಛದ ಪ್ಯಾರಲಾಕ್ಸ್ ಸುಮಾರು 21 ಮಿಲಿ ಆರ್ಕ್ ಸೆಕೆಂಡ್, ರೋಹಿಣಿಯದು ಅದರ ಎರಡು ಪಟ್ಟಿಗೂ ಹೆಚ್ಚು, ಹಾಗಾಗಿ ಅದು ಗುಚ್ಛದ ಅರ್ಧ ದಾರಿಗಿಂತಲೂ ಈಚೆಗಿರುವ ಬೇರೆಯೇ ತಾರೆ. ಹಯಡೀಸ್ ಸುಮಾರು 47 ಪಾರ್ಸೆಕ್‌ನಷ್ಟು ಹತ್ತಿರದಲ್ಲಿರುವುದರಿಂದ ಆಕಾಶದಲ್ಲಿ ಬಹಳ ಅಗಲವಾಗಿ ಹರಡಿದೆ, ಒಟ್ಟಿಗೆ ಸಾಗುತ್ತಿದ್ದರೂ ಅದರ ತಾರೆಗಳ ಸ್ವಚಲನೆ ದೃಷ್ಟಿಕೋನದಿಂದಾಗಿ ಒಂದು ಬಿಂದುವಿನ ಕಡೆಗೆ ಕೂಡಿಕೊಳ್ಳುವಂತೆ ತೋರುತ್ತದೆ. ಕೃತ್ತಿಕೆಗೆ ಬಳಸಿದ ಬಿಗಿಯಾದ ಸ್ವಚಲನೆಯ ಜರಡಿ ಇಲ್ಲಿ ಅರ್ಧದಷ್ಟು ಸದಸ್ಯರನ್ನು ಹೊರಗೆ ಹಾಕಿಬಿಡಬಹುದು. ಆದ್ದರಿಂದ ಮೊದಲು ಆ ಕೂಡುಬಿಂದುವನ್ನು ಗುರುತಿಸಿ, ಪ್ರತಿ ತಾರೆಯ ಚಲನೆ ಅದರತ್ತ ಸಾಗುತ್ತಿದೆಯೇ ಎಂದು ಪರೀಕ್ಷಿಸುವಂತೆ ಲೆಕ್ಕದ ಕ್ರಮವನ್ನು ಬದಲಿಸುತ್ತಿದ್ದಾರೆ.